ಒಂದೇ ಒಲಿಂಪಿಕ್ಸ್‌ನಲ್ಲಿ ಎರಡೆರಡು ಸ್ಪರ್ಧೆ ಬೇಕೇ?

ಪ್ರಶ್ನೆ: ಫಿಗರ್ ಸ್ಕೇಟಿಂಗ್‌ನಲ್ಲಿ ಒಬ್ಬರೇ ತಂಡಕ್ಕೂ ಆಡಿ, ವೈಯಕ್ತಿಕ ಪದಕಕ್ಕೂ ಇಳಿಯುವುದು ಸರಿಯೇ? ದಣಿವಾಗುವುದಿಲ್ಲವೇ?

ಉತ್ತರ: ಆಗುತ್ತದೆ. ಆದರೆ ಎಷ್ಟು ಎನ್ನುವುದು, ತಂಡಕ್ಕಾಗಿ ಒಂದು ಸಲ ಇಳಿದರೋ ಎರಡು ಸಲವೋ ಎಂಬುದರ ಮೇಲೆ ನಿಂತಿದೆ. ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಂ ಮೂರು ನಿಮಿಷದೊಳಗೆ ಮುಗಿಯುತ್ತದೆ. ಎರಡನೇ ಸುತ್ತಾದ ಫ್ರೀ ಸ್ಕೇಟ್ ಸುಮಾರು ನಾಲ್ಕು ನಿಮಿಷ, ಜಿಗಿತಗಳೂ ಹೆಚ್ಚು. ಬಹುತೇಕರು ಪ್ರತಿ ಜಿಗಿತದಲ್ಲೂ ಬಲಗಾಲಿನ ಮೇಲೇ ಇಳಿಯುವುದರಿಂದ ಪೆಟ್ಟೆಲ್ಲ ಅದೇ ಪಾದ, ಮಂಡಿ, ಸೊಂಟಕ್ಕೆ.

ತಂಡ ಸ್ಪರ್ಧೆ ಶುರುವಾದ 2014ರ ಸೋಚಿಯನ್ನೇ ನೋಡಿ. ರಷ್ಯಾಕ್ಕೆ ಪುರುಷರಲ್ಲಿ ಒಂದೇ ಸ್ಥಾನವಿತ್ತು. ಬದಲಿ ಇಲ್ಲದ್ದರಿಂದ ಪ್ಲುಶೆಂಕೊ ಎರಡೂ ಸುತ್ತು ಮಾಡಿ ತಂಡಕ್ಕೆ ಚಿನ್ನ ತಂದರು. ಕೆಲವೇ ದಿನಗಳಲ್ಲಿ ವೈಯಕ್ತಿಕ ಸ್ಪರ್ಧೆಯ ಅಭ್ಯಾಸದಲ್ಲೇ ಬೆನ್ನು ಕೈಕೊಟ್ಟು ಹಿಂದೆ ಸರಿದರು. (ಅವರ ಬೆನ್ನಿನ ತೊಂದರೆ ಹಳೆಯದು, ತಂಡ ಸ್ಪರ್ಧೆಯೊಂದನ್ನೇ ದೂರುವಂತಿಲ್ಲ.) ಜಪಾನಿನ ಹಾನ್ಯು ತಂಡಕ್ಕೆ ಶಾರ್ಟ್ ಮಾತ್ರ ಮಾಡಿ, ಫ್ರೀ ಸ್ಕೇಟನ್ನು ತಂಡದ ಜೊತೆಗಾರ ಮಚಿದಾಗೆ ಬಿಟ್ಟು, ವೈಯಕ್ತಿಕ ಚಿನ್ನ ಗೆದ್ದರು. 2022ರಲ್ಲಿ ಅಮೆರಿಕದ ನೇಥನ್ ಚೆನ್ ಹಿಡಿದದ್ದೂ ಇದೇ ದಾರಿ.

ನಿಯಮವೂ ಇದಕ್ಕೆ ಅನುಕೂಲ: ಶಾರ್ಟ್ ಮುಗಿದ ಮೇಲೆ ನಾಲ್ಕು ವಿಭಾಗಗಳ (ಪುರುಷರು, ಮಹಿಳೆಯರು, ಜೋಡಿ, ಐಸ್ ಡ್ಯಾನ್ಸ್) ಪೈಕಿ ಎರಡರಲ್ಲಿ ಬದಲಿ ಇಳಿಸಬಹುದು. ತಂಡದ ಅಂಕ ವೈಯಕ್ತಿಕಕ್ಕೆ ಸೇರುವುದಿಲ್ಲವಾದರೂ, ಆ ಮಂಜುಗಡ್ಡೆಯ ಮೇಲೆ ಒಮ್ಮೆ ಇಳಿದ ಅನುಭವ ಲಾಭವೇ.

ಹಾಗಾಗಿ ಬದಲಿ ಇದ್ದರೆ ಶಾರ್ಟ್ ಒಂದೇ ಸಾಕು. ಹಳೆಯ ಗಾಯವಿದ್ದರೆ, ವೈಯಕ್ತಿಕಕ್ಕೆ ಮೂರ್ನಾಲ್ಕೇ ದಿನ ಉಳಿದಿದ್ದರೆ, ಅದೂ ಬೇಡ.