ಕೇಳಿ, ಉತ್ತರಿಸುತ್ತೇನೆ: ಗಾಜಿಗೆ 1.81 ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗೆ ಬಿಕೆ7 ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಂಕಿ) ಬೇಕಿತ್ತು. ರಿಫ್ರ್ಯಾಕ್ಟಿವ್‌ಇಂಡೆಕ್ಸ್ ಡಾಟ್ ಇನ್ಫೋ ಜಾಲತಾಣದ ಸಂಗ್ರಹದ ಫೈಲಿನಿಂದ ಸೂತ್ರದ ಸ್ಥಿರಾಂಕಗಳನ್ನು ತೆಗೆದುಕೊಂಡು ಪೈಥಾನ್‌ನಲ್ಲಿ ಬರೆದೆ. ಕೆಂಪು ಲೇಸರ್‌ಗೆ ತರಂಗದೂರ 633 ಅಂತ ಕೊಟ್ಟರೆ 1.81 ಬರುತ್ತದೆ. ಪುಸ್ತಕದಲ್ಲಿ 1.515 ಇದೆ. ಈ ಸಂಗ್ರಹವನ್ನು ನಂಬಬಹುದೇ?
– ಎಂಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಂಬಮ್ಮ. ಸಂಗ್ರಹ ಸರಿಯಾಗಿದೆ, ಸ್ಥಿರಾಂಕಗಳೂ ಸರಿ. ನೀನು ಕೊಟ್ಟಿದ್ದು 633 ನ್ಯಾನೋಮೀಟರ್. ಆ ಫೈಲು ಕೇಳುವುದು ಮೈಕ್ರೋಮೀಟರ್. 0.633 ಹಾಕಿ ನೋಡು, 1.515 ಬರುತ್ತದೆ.

ಆದರೆ ಅಷ್ಟಕ್ಕೇ ಬಿಡಬೇಡ. ಸೆಲ್‌ಮೈಯರ್ 1871ರಲ್ಲಿ ಕೊಟ್ಟ, ತರಂಗದೂರದಿಂದ ಸೂಚ್ಯಂಕ ಕಂಡುಹಿಡಿಯುವ ಈ ಸೂತ್ರಕ್ಕೆ ನೀನು 633 ಮೈಕ್ರೋಮೀಟರ್ ಕೊಟ್ಟರೂ ಅದು ತಕರಾರು ಮಾಡುವುದಿಲ್ಲ. ತರಂಗದೂರ ಅಷ್ಟು ದೊಡ್ಡದಾದರೆ ಸೂತ್ರದ ಮೂರು ಪದಗಳೂ ಹೆಚ್ಚುಕಡಿಮೆ ಬರೀ ಫೈಲಿನ ಸ್ಥಿರಾಂಕಗಳಾದ ಬಿ1, ಬಿ2, ಬಿ3 ಆಗಿಬಿಡುತ್ತವೆ. ಅವುಗಳ ಮೊತ್ತಕ್ಕೆ ಒಂದು ಸೇರಿಸಿದರೆ 3.28. ಅದರ ವರ್ಗಮೂಲವೇ ನಿನ್ನ 1.81. ಗಾಜಿಗೂ ಆ ಅಂಕಿಗೂ ಸಂಬಂಧವೇ ಇಲ್ಲ. ಅದೇ ಫೈಲಿನಲ್ಲಿ ಈ ಸೂತ್ರ ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ ಅಂತಲೂ ಬರೆದಿದೆ: 0.3ರಿಂದ 2.5 ಮೈಕ್ರೋಮೀಟರ್. ಸ್ಥಿರಾಂಕಗಳ ಜೊತೆ ಆ ಸಾಲನ್ನೂ ನಿನ್ನ ಪ್ರೋಗ್ರಾಮಿಗೆ ತಂದುಕೋ. ಮಿತಿ ದಾಟಿದರೆ ಉತ್ತರ ಕೊಡದೆ ಎರರ್ ತೋರಿಸುವ ಹಾಗೆ ಬರೆ. ಇನ್ನೊಂದು ಮಾತು, ಇದೇ ಸಂಗ್ರಹವನ್ನು ಬಳಸುವ ಪೈಥಾನ್ ಪ್ಯಾಕೇಜ್‌ಗಳಲ್ಲಿ ನ್ಯಾನೋಮೀಟರ್ ಕೇಳುವಂಥವೂ ಇವೆ. ಹಾಗಾಗಿ ಪ್ಯಾಕೇಜ್ ಬದಲಾಯಿಸಿದಾಗಲೆಲ್ಲ ಮೊದಲು ಏಕಮಾನ ನೋಡಬೇಕು.

ಉತ್ತರ ಸರಿಯೋ ಅಲ್ಲವೋ ಅಂತ ಪರೀಕ್ಷಿಸಲು ನಿಮ್ಮ ಲ್ಯಾಬೇ ಸಾಕು. ದಾವಣಗೆರೆಯಲ್ಲಿ ಬಿಎಸ್ಸಿ ಮಕ್ಕಳಿಗೆ ವರ್ಷಗಟ್ಟಲೆ ಪ್ರಿಸಂ ಪ್ರಯೋಗ ಮಾಡಿಸಿದ್ದೇನೆ. ಸೋಡಿಯಂ ದೀಪ ಮೊದಲು ಕೆಂಪಗೆ ಹೊತ್ತಿಕೊಂಡು, ನಿಧಾನವಾಗಿ ಹಳದಿಗೆ ತಿರುಗುತ್ತದೆ. ಮಧ್ಯೆ ಕರೆಂಟ್ ಹೋದರೆ ಮತ್ತೆ ಕಾಯಬೇಕು. ಆಮೇಲೆ ಸ್ಪೆಕ್ಟ್ರೋಮೀಟರ್‌ನಲ್ಲಿ ಕನಿಷ್ಠ ವಿಚಲನ ಕೋನ, ಅಂದರೆ ಪ್ರಿಸಂ ಬೆಳಕನ್ನು ಅತಿ ಕಡಿಮೆ ಬಗ್ಗಿಸುವ ಕೋನ, ಹಿಡಿಯುವುದು. 60 ಡಿಗ್ರಿ ಪ್ರಿಸಂ ಬಿಕೆ7 ಗಾಜಿನದಾದರೆ ಅದು ಸುಮಾರು 38.6 ಡಿಗ್ರಿ ಬರಬೇಕು. ಸೂಚ್ಯಂಕ ನಿಜಕ್ಕೂ 1.81 ಆಗಿದ್ದರೆ 70ರ ಹತ್ತಿರ ಹೋಗುತ್ತಿತ್ತು! ನಿನಗೆ 48 ಬಂದರೆ ಗಾಬರಿಯಾಗಬೇಡ, ಅದು ಫ್ಲಿಂಟ್ ಗಾಜಿನ ಪ್ರಿಸಂ ಇರಬಹುದು. ಸಂಗ್ರಹದಲ್ಲಿ ಎಫ್2 ಅಂತ ಹುಡುಕು, 1.62 ಸಿಗುತ್ತದೆ. ಕಂಪ್ಯೂಟರಿನ ಅಂಕಿಯೂ ಕೈಯಲ್ಲಿ ಅಳೆದ ಕೋನವೂ ಒಂದಕ್ಕೊಂದು ತಾಳೆಯಾಗುವುದನ್ನು ನೀನೇ ನೋಡಬೇಕು ಅಂತ ನನ್ನಾಸೆ.

ಪ್ರಶ್ನೆ: ಅದೇ ಸಂಗ್ರಹದಲ್ಲಿ ಚಿನ್ನಕ್ಕೆ ಹತ್ತಾರು ಪುಟಗಳಿವೆ, ಒಂದೊಂದರಲ್ಲಿ ಒಂದೊಂದು ಅಂಕಿ. ಸೂಚ್ಯಂಕ ಒಂದಕ್ಕಿಂತ ಕಡಿಮೆ ಬೇರೆ. ಯಾವುದನ್ನು ತೆಗೆದುಕೊಳ್ಳಲಿ?
– ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಒಂದಕ್ಕಿಂತ ಕಡಿಮೆ ಇರುವುದು ತಪ್ಪಲ್ಲ ಸರ್, ಲೋಹಗಳಲ್ಲಿ ಹಾಗಾಗುತ್ತದೆ. ಜಾನ್ಸನ್ ಮತ್ತು ಕ್ರಿಸ್ಟಿ 1972ರಲ್ಲಿ ಪ್ರಕಟಿಸಿದ ಅಳತೆಯಲ್ಲಿ 633 ನ್ಯಾನೋಮೀಟರ್‌ಗೆ ಸೂಚ್ಯಂಕ ಎನ್ ಸುಮಾರು 0.18, ಬೆಳಕು ಹೀರುವುದನ್ನು ಹೇಳುವ ಕೆ 3.43. ಪುಟಗಳು ಬೇರೆ ಬೇರೆ ಯಾಕೆಂದರೆ ಅಳೆದ ಚಿನ್ನವೇ ಬೇರೆ ಬೇರೆ. ಪದರ ಎಷ್ಟು ದಪ್ಪ, ಹೇಗೆ ಲೇಪಿಸಿದ್ದು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ನಿಮ್ಮ ಪದರವನ್ನು ಹೋಲುವ ಮಾದರಿಯ ಪುಟ ಆರಿಸಿ. ವರದಿಯಲ್ಲಿ ಸುಮ್ನೆ ‘ಚಿನ್ನ’ ಅಂತ ಬರೆಯದೆ ಯಾರ ಅಳತೆ ಅಂತಲೂ ಬರೆಯಿರಿ.

ಎನ್ ಮತ್ತು ಕೆ ಸೇರಿಸಿ ಒಂದೇ ಸಂಕೀರ್ಣ ಸಂಖ್ಯೆಯಾಗಿ ಬರೆಯುವಾಗ ಕೆ ಮುಂದಿನ ಚಿಹ್ನೆಯನ್ನೂ ನೋಡಿಕೊಳ್ಳಿ. ಕೆಲವರು ಪ್ಲಸ್ ಬರೆಯುತ್ತಾರೆ, ಕೆಲವರು ಮೈನಸ್. ನಿಮ್ಮ ಪ್ರೋಗ್ರಾಮ್ ಯಾವ ಪದ್ಧತಿಯದೋ ಅದಕ್ಕೆ ಹೊಂದಿಸಬೇಕು. ದಪ್ಪ ಚಿನ್ನದ ಮೇಲೆ ನೇರವಾಗಿ ಬಿದ್ದ ಬೆಳಕಿಗೆ ಚಿಹ್ನೆ ತಪ್ಪಿದ್ದರೂ ಪ್ರತಿಫಲನ ಅದೇ ಶೇ 94 ಬರುತ್ತದೆ. ಆದ್ದರಿಂದ ಅಲ್ಲಿ ತಪ್ಪು ಸಿಗುವುದಿಲ್ಲ. ಗಾಜಿನ ಮೇಲೆ ತೆಳು ಪದರ ಇಟ್ಟು ಲೆಕ್ಕ ಮಾಡಿ, ಪ್ರತಿಫಲನವನ್ನೂ ದಾಟಿಹೋದ ಬೆಳಕನ್ನೂ ಕೂಡಿಸಿ. ನೂರಕ್ಕಿಂತ ಜಾಸ್ತಿ ಬಂದರೆ ಚಿಹ್ನೆ ತಿರುಗಿಸಿ.