ಎರಡು ಗಂಟೆಗೆ ಎದ್ದು ಕೂರುವ ಮೇಷ್ಟ್ರಿಗೆ

ಓದುಗರ ಪತ್ರ: ನಾನು ನಿವೃತ್ತ ಗಣಿತ ಶಿಕ್ಷಕ. ವಯಸ್ಸು 67, ಊರು ತಿಪಟೂರು. ರಾತ್ರಿ ಒಂಬತ್ತಕ್ಕೆ ಮಲಗುತ್ತೇನೆ, ನಿದ್ದೆ ಹತ್ತುವುದು ಹತ್ತಕ್ಕೆ. ಎರಡಕ್ಕೆ ಸರಿಯಾಗಿ ಎಚ್ಚರ. ನಾಲ್ಕೂವರೆವರೆಗೆ ಹೊರಳಾಟ, ಆಮೇಲೆ ಆರರವರೆಗೆ ಜೊಂಪು. ಒಂದು ವರ್ಷದಿಂದ ಹೀಗೇ. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಸರಿದೂಗಿಸುತ್ತೇನೆ. ಸಂಜೆ ಆರರ ಕಾಫಿ ಬಿಡಲಾರೆ. ಪಕ್ಕದಲ್ಲಿ ನಮ್ಮ ಮನೆಯವರು ನಿಶ್ಚಿಂತೆಯಿಂದ ಮಲಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೆರೆಯವರು ಕೊಟ್ಟ ನಿದ್ದೆ ಮಾತ್ರೆ ಆಗಾಗ ಅರ್ಧ ನುಂಗುತ್ತೇನೆ. ಆ ಹೊತ್ತು ಕಳೆಯುವುದು ಹೇಗೆ? ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುತ್ತದಂತೆ, ನಿಜವೇ?

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಅಂಕಿಗಳೆಲ್ಲ ನೀವೇ ಕೊಟ್ಟಿದ್ದೀರಿ, ಕೂಡುವ ಕೆಲಸ ಮಾತ್ರ ನನ್ನದು. ಹತ್ತರಿಂದ ಎರಡು, ನಾಲ್ಕು ಗಂಟೆ. ಬೆಳಗಿನ ಜೊಂಪು ಒಂದೂವರೆ. ಮಧ್ಯಾಹ್ನದ್ದು ಇನ್ನೊಂದೂವರೆ. ಒಟ್ಟು ಏಳು ಗಂಟೆ! ನಿಮ್ಮ ವಯಸ್ಸಿಗೆ ಅದು ಕಡಿಮೆಯೇನಲ್ಲ. ನಿದ್ದೆ ಇದೆ, ಚೆಲ್ಲಾಪಿಲ್ಲಿಯಾಗಿದೆ ಅಷ್ಟೇ. ರಾತ್ರಿ ಒಂಬತ್ತು ಗಂಟೆ ಹೊತ್ತು ಹಾಸಿಗೆಯಲ್ಲಿದ್ದು ನಿದ್ದೆ ಮಾಡುವುದು ಐದೂವರೆ ಗಂಟೆ. ಉಳಿದ ಮೂರೂವರೆ ಗಂಟೆ ಹಾಸಿಗೆಯಲ್ಲೇ ಚಿಂತೆ. ವರ್ಷಗಟ್ಟಲೆ ಹೀಗೆ ಮಾಡಿದರೆ ಹಾಸಿಗೆ ಕಂಡ ಕೂಡಲೇ ಚಿಂತೆ ಶುರುವಾಗುತ್ತದೆ, ಅಲ್ವಾ?

ಈ ಗಂಟು ಬಿಡಿಸಲು ಎರಡು ಹಳೆಯ ಉಪಾಯಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ್ದು: ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಿ, ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಹೇಳಿದ್ದು: ನಿದ್ದೆ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಾಸಿಗೆಯಲ್ಲಿರಿ. ಈ ಎರಡೂ ಸೇರಿದ ಚಿಕಿತ್ಸೆಯನ್ನೇ ಮೊದಲು ಕೊಡಿ, ಮಾತ್ರೆ ಆಮೇಲಿನ ಮಾತು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಅಲ್ಲಿನ ವೈದ್ಯರ ಸಂಘ 2016ರಲ್ಲಿ ಸಲಹೆ ಕೊಟ್ಟಿತು.

ನಿಮ್ಮ ಲೆಕ್ಕಕ್ಕೆ ಇದನ್ನು ಹಾಕಿದರೆ, ಮಲಗುವುದು ಹನ್ನೊಂದೂವರೆಗೆ, ಏಳುವುದು ಐದೂವರೆಗೆ. ರಾತ್ರಿ ಹೇಗೇ ಕಳೆದಿರಲಿ, ಏಳುವ ಹೊತ್ತು ಬದಲಾಗಬಾರದು. ಮೊದಲ ವಾರ ಕಷ್ಟ, ಹಗಲು ತೂಕಡಿಕೆ ಬರುತ್ತದೆ, ಆ ದಿನಗಳಲ್ಲಿ ಸ್ಕೂಟರ್ ಮುಟ್ಟಬೇಡಿ. ಹಾಸಿಗೆಯಲ್ಲಿದ್ದ ಹೊತ್ತೆಲ್ಲ ಹೆಚ್ಚುಕಡಿಮೆ ನಿದ್ದೆ ಬರತೊಡಗಿದ ಮೇಲೆ ವಾರಕ್ಕೆ ಹದಿನೈದು ನಿಮಿಷ ಬೇಗ ಮಲಗುತ್ತಾ ಬನ್ನಿ. ಮೂರ್ಛೆರೋಗ ಇರುವವರು, ಮನೋರೋಗಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಮಧ್ಯಾಹ್ನದ ನಿದ್ದೆ ಬಿಡಲೇಬೇಕು. ನಾವು ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆ ಒತ್ತಿಕೊಂಡು ಬರುತ್ತದೆ. ರಾತ್ರಿಗೆ ಬೇಕಾದ ಆ ಒತ್ತಡವನ್ನು ನೀವು ಮಧ್ಯಾಹ್ನವೇ ಖರ್ಚು ಮಾಡುತ್ತಿದ್ದೀರಿ. ಕಾಫಿಯಲ್ಲಿರುವ ಕೆಫೀನ್ ಇದೇ ಅಡೆನೋಸಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದು ಹನ್ನೊಂದಕ್ಕೆ ಅರ್ಧ, ಬೆಳಗಿನ ಜಾವ ನಾಲ್ಕಕ್ಕೆ ಕಾಲು. ಕಾಫಿ ಬಿಡಿ ಅನ್ನುವಷ್ಟು ಕಟುಕ ನಾನಲ್ಲ. ಮಧ್ಯಾಹ್ನ ಊಟವಾದ ಮೇಲೆ, ಒಂದು ಗಂಟೆ ಹೊತ್ತಿಗೆ ಕುಡಿದುಬಿಡಿ.

ಹೀಗೆಲ್ಲ ಮಾಡಿದರೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಆಗ ಹೊತ್ತು ಕಳೆಯುವುದು ಹೇಗೆ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ. ಮೊದಲು ಗಡಿಯಾರವನ್ನು ಗೋಡೆ ಕಡೆಗೆ ತಿರುಗಿಸಿಡಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ನಮ್ಮ ಕಚೇರಿಯ ವಾಟ್ಸ್ಆ್ಯಪ್‌ಗೆ ನಸುಕಿನ ಮೂರು ಗಂಟೆಗೆ ಬರುವ ಶುಭೋದಯಗಳನ್ನು ನೋಡಿದರೆ ನಿಮ್ಮ ಸಂಘದ ಸದಸ್ಯರು ಬಹಳ ಮಂದಿ ಇದ್ದಾರೆ ಅನ್ನಿಸುತ್ತದೆ! ಇನ್ನು ಗಣಿತದ ಲೆಕ್ಕ, ಪದಬಂಧ, ಚದುರಂಗ ಬೇಡ. ಬಿಡಿಸಿದರೆ ಹುಮ್ಮಸ್ಸು, ಬಿಡಿಸದಿದ್ದರೆ ಹಠ. ಎರಡೂ ನಿದ್ದೆಗೆ ಶತ್ರು.

ಕೈಗೆ ಕೆಲಸ ಇರಬೇಕು, ತಲೆಗೆ ಇರಬಾರದು. ಅವರೆಕಾಯಿ ಕಾಲದಲ್ಲಿ ಒಂದು ಬುಟ್ಟಿ ಕಾಯಿ ಸುಲಿಯಿರಿ, ಬೆಳಿಗ್ಗೆ ಮನೆಯವರಿಗೂ ಖುಷಿ. ಹಳೆ ಫೋಟೋಗಳ ಹಿಂದೆ ಯಾರು ಯಾರು, ಯಾವ ಮದುವೆ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಆ ಸೋದರಮಾವನ ಹೆಸರು ನಿಮ್ಮ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಮಂದ ದೀಪದಲ್ಲಿ ಮೊದಲೇ ಓದಿದ ಪುಸ್ತಕ ಓದಿ, ಕಥೆ ಮುಂದೇನು ಅನ್ನುವ ಕುತೂಹಲ ಇರುವುದಿಲ್ಲ.

ಮೋಡ ಇಲ್ಲದ ರಾತ್ರಿಯಾದರೆ ಟಾರ್ಚ್ ಹಿಡಿದು ಅಂಗಳಕ್ಕೆ ಬನ್ನಿ. ನವೆಂಬರ್ ನಡುವಿನಲ್ಲಿ ಎರಡು ಗಂಟೆಗೆ ನೆತ್ತಿಯ ಆಸುಪಾಸಿನಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಇರುತ್ತವೆ. ನಮ್ಮ ರೈತರಿಗೆ ಇವೆಲ್ಲ ಮಳೆಯ ಹೆಸರುಗಳು. ಮಳೆಗೆ ಹೆಸರು ಕೊಟ್ಟ ನಕ್ಷತ್ರವನ್ನು ನೋಡಿದವರು ಕಡಿಮೆ. ಪುಟ್ಟ ಗೊಂಚಲು ಕೃತ್ತಿಕೆ. ಕೆಂಪಗೆ ಒಂಟಿಯಾಗಿ ಹೊಳೆಯುವುದು ರೋಹಿಣಿ. ಅದರ ಪೂರ್ವಕ್ಕೆ ಇನ್ನೊಂದು ಕೆಂಪು ಚುಕ್ಕಿ, ಆರಿದ್ರಾ. ಅದರ ಪಕ್ಕದಲ್ಲೇ ಮಂಕಾದ ಮೂರು ಚುಕ್ಕಿಗಳು ಮೃಗಶಿರ. ಈ ನಕ್ಷತ್ರಗಳೆಲ್ಲ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ನೆತ್ತಿಗೆ ಬರುತ್ತವೆ. ಆ ಲೆಕ್ಕ ಹಗಲಲ್ಲಿ ಹಾಕಿ.

ಮಾತ್ರೆಯ ವಿಷಯ. ನೆರೆಯವರ ಮಾತ್ರೆ ನೆರೆಯವರಿಗೇ ಇರಲಿ. ಇಂಥ ಎಷ್ಟೋ ಮಾತ್ರೆಗಳು ವಯಸ್ಸಾದವರಿಗೆ ತಲೆಸುತ್ತು ತರುತ್ತವೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ. ಆಗಾಗ ಅನ್ನುವುದು ದಿನಾ ಆಗಿದ್ದರೆ ದಿಢೀರ್ ನಿಲ್ಲಿಸಬೇಡಿ, ವೈದ್ಯರಿಗೆ ಮಾತ್ರೆ ತೋರಿಸಿ ಕೇಳಿ.

ನಿದ್ದೆ ಮಾಡುವ ಮನೆಯವರ ಮೇಲೆ ಹೊಟ್ಟೆ ಉರಿದುಕೊಳ್ಳುವ ಬದಲು ಅವರನ್ನೊಂದು ಪ್ರಶ್ನೆ ಕೇಳಿ. ನಾನು ಜೋರಾಗಿ ಗೊರಕೆ ಹೊಡೆಯುತ್ತೇನಾ, ನಡುವೆ ಉಸಿರು ನಿಂತಂತಾಗುತ್ತದಾ? ಹೌದು ಅಂದರೆ ನನ್ನ ಸಲಹೆ ಎಲ್ಲ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ. ಮೂತ್ರಕ್ಕಾಗಿ ಪದೇಪದೇ ಏಳುತ್ತಿದ್ದರೂ ಅಷ್ಟೇ. ಎಚ್ಚರವಾದಾಗ ಬದುಕೇ ಬೇಸರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ರಾತ್ರಿ ಎರಡಕ್ಕೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಗಸಗಸೆ ಪಾಯಸ. ಬಾಳೆಲೆ ತುಂಬ ಹಬ್ಬದ ಊಟ ಮಾಡಿ, ಮೇಲೆ ಎರಡು ಲೋಟ ಪಾಯಸ ಕುಡಿದು ಬರುವ ನಿದ್ದೆಗೆ ಬರೀ ಗಸಗಸೆಯನ್ನು ಹೊಣೆ ಮಾಡುವುದು ಅನ್ಯಾಯ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಹಬ್ಬದ ದಿನ ಧಾರಾಳವಾಗಿ ಕುಡಿಯಿರಿ. ಆವತ್ತು ಮಧ್ಯಾಹ್ನ ಮಾತ್ರ ಮಲಗಬೇಡಿ.