ಟೂರ್ ದ ಫ್ರಾನ್ಸ್‌ಗೆ ಚಿಕ್ಕ ತಂಡಗಳಿಗೆ ಕರೆ ಯಾಕೆ ಬರೋದಿಲ್ಲ?

ಚೆನ್ನಾಗಿ ಓಡಿಸಿದರೂ ಚಿಕ್ಕ ಸೈಕ್ಲಿಂಗ್ ತಂಡಗಳನ್ನು ಜುಲೈನ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ಗೆ ಯಾಕೆ ಕರೆಯೋದಿಲ್ಲ ಅಂತ ಕೇಳಿದ್ದೀರಿ. ಜಾಗವೇ ಇಲ್ಲ ನೋಡಿ. ಮೇಲಿನ ದರ್ಜೆಯಾದ ವರ್ಲ್ಡ್‌ಟೂರ್‌ನ 18 ತಂಡಗಳಿಗೆ ಸೀಟು ಮೊದಲೇ ಖಾಯಂ. ಕೆಳಗಿನ ದರ್ಜೆಯಲ್ಲಿ ಹಿಂದಿನ ವರ್ಷ ಅಂಕಗಳಲ್ಲಿ ಮುಂದಿದ್ದ ಮೂರು ತಂಡಗಳಿಗೂ ನೇರ ಪ್ರವೇಶ. ಉಳಿಯೋದು ಎರಡೇ ವೈಲ್ಡ್‌ಕಾರ್ಡ್, ಅಂದರೆ ವಿಶೇಷ ಆಹ್ವಾನ. ಅದನ್ನು ಯಾರಿಗೆ ಕೊಡಬೇಕು ಅನ್ನೋದು ಸಂಘಟಕರ ಇಷ್ಟ. ಫ್ರೆಂಚ್ ತಂಡವಾದರೆ ಸ್ವಲ್ಪ ಒಲವು ಜಾಸ್ತಿ, ಮನೆ ಮದುವೆಗೆ ನೆಂಟರನ್ನು ಬಿಡೋಕಾಗುತ್ತಾ!

ಈ ಕರೆ ಯಾಕೆ ಅಷ್ಟು ಮುಖ್ಯ ಅಂದರೆ, ರಸ್ತೆ ಬದಿ ನಿಂತು ನೋಡೋರಿಗೆ ಟಿಕೆಟ್ ಇಲ್ಲ. ಹಾಗಾಗಿ ತಂಡ ನಡೆಯೋದು ಪ್ರಾಯೋಜಕರ ದುಡ್ಡಲ್ಲಿ. ಅವರಿಗೆ ಬೇಕಿರೋದು ಜುಲೈನಲ್ಲಿ ಟಿವಿ ಮೇಲೆ ತಮ್ಮ ಹೆಸರು. ಹಾಗಂತ ಕರೆ ಸಿಕ್ಕರೆ ಸಾಕು ಅಂತಲೂ ಅಲ್ಲ. ಬಿ ಅಂಡ್ ಬಿ ಹೋಟೆಲ್ಸ್ ತಂಡ 2022ರ ಟೂರ್ ಓಡಿತ್ತು, ಅದೇ ಡಿಸೆಂಬರ್‌ನಲ್ಲಿ ಹೊಸ ಪ್ರಾಯೋಜಕರು ಸಿಗದೆ ಬಾಗಿಲು ಮುಚ್ಚಿತು.

2025ರಲ್ಲಿ ಒಂದು ಜಾಗ ಹೆಚ್ಚಿಸಿ 23 ತಂಡ ಮಾಡಿದರು. ವೈಲ್ಡ್‌ಕಾರ್ಡ್ ಪಡೆದವರಲ್ಲಿ ನಾರ್ವೆಯ ಊನೋ-ಎಕ್ಸ್ ಕೂಡ ಇತ್ತು. ಅವರ ಸವಾರ ಯೋನಾಸ್ ಅಬ್ರಹಾಮ್‌ಸನ್ ಕಾಲರ್ ಮೂಳೆ ಮುರಿದು ತಿಂಗಳೂ ಆಗಿರಲಿಲ್ಲ. ಟುಲೂಸ್ ನಗರದಲ್ಲಿ ಮುಗಿದ ಹಂತದಲ್ಲಿ (ಅಂದರೆ ಒಂದು ದಿನದ ಓಟದಲ್ಲಿ) ಎದುರಾಳಿ ಮೌರೊ ಶ್ಮಿಡ್‌ಗಿಂತ ಕೂದಲೆಳೆಯಷ್ಟು ಮುಂದೆ ಚಕ್ರ ದಾಟಿಸಿ ಗೆದ್ದುಬಿಟ್ಟರು. ತಂಡದ ಮೊದಲ ಟೂರ್ ಹಂತದ ಗೆಲುವು ಅದು. ಆ ಫೋಟೊ ಫಿನಿಶ್ ಹುಡುಕಿ ನೋಡಿ.